ಹಾಡಿನ ಹಕ್ಕು, ಹಾಡಿನ ನಕಲು: ಓದುಗರ ಪ್ರಶ್ನೆ, ನಮ್ಮ ಉತ್ತರ

ಇಂಟರ್‌ನೆಟ್ಟಿನಲ್ಲಿ ಹಾಡು ಹಂಚಿಕೊಳ್ಳುವುದು, ಅದಕ್ಕೆ ಸಂಗೀತ ಕಂಪನಿಗಳು ಹಾಕಿದ ತಡೆ, ಇವುಗಳ ಬಗ್ಗೆ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಆರನ್ನು ಇಲ್ಲಿ ಆಯ್ದುಕೊಂಡಿದ್ದೇವೆ.

ಪ್ರಶ್ನೆ: ಇಂಟರ್‌ನೆಟ್ಟಿನಲ್ಲಿ ಹಾಡು ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಸೇವೆ ಮುಚ್ಚಿಸಿದ ಮೇಲೂ ಹಾಡು ಹಂಚಿಕೆ ಯಾಕೆ ನಿಲ್ಲಲಿಲ್ಲ? ಅಷ್ಟು ದುಡ್ಡಿದ್ದ ಕಂಪನಿಗಳಿಗೆ ಸಿಡಿಗೊಂದು ಗಟ್ಟಿ ಬೀಗ ಹಾಕಲು ಆಗಲಿಲ್ಲವೇ?
— ಎಂಜಿನಿಯರಿಂಗ್ ವಿದ್ಯಾರ್ಥಿ, ವಿದ್ಯಾನಗರ, ದಾವಣಗೆರೆ

ಉತ್ತರ: ಬೀಗದ ಮಾತು ಮೊದಲು. ಆಡಿಯೊ ಸಿಡಿ 1982ರಲ್ಲಿ ಮಾರುಕಟ್ಟೆಗೆ ಬಂದಾಗ ಅದರ ವಿನ್ಯಾಸದಲ್ಲಿ ಬೀಗಕ್ಕೆ ಜಾಗವನ್ನೇ ಇಟ್ಟಿರಲಿಲ್ಲ. ಸೆಕೆಂಡಿಗೆ ಸದ್ದಿನ 44,100 ಮಾದರಿ, ಪ್ರತಿಯೊಂದಕ್ಕೂ 16 ಬಿಟ್, ಎಡ ಬಲ ಎರಡು ಚಾನೆಲ್. ನಿಮಿಷಕ್ಕೆ ಸುಮಾರು 10 ಎಂಬಿಯಷ್ಟು ಸಂಗೀತ ತಟ್ಟೆಯ ಮೇಲೆ ತೆರೆದೇ ಬಿದ್ದಿತ್ತು. ಅದನ್ನು ಕಾಯುತ್ತಿದ್ದದ್ದು ಅದರ ಗಾತ್ರ. ಐದು ನಿಮಿಷದ ಹಾಡೆಂದರೆ 50 ಎಂಬಿ. ಆಗಿನ ಫೋನ್ ಲೈನಿನ 56 ಕೆ ಮೋಡೆಮ್ ಪೂರಾ ವೇಗದಲ್ಲಿ ಓಡಿದರೂ ಅದನ್ನು ಇಳಿಸಲು ಎರಡು ಗಂಟೆ ಬೇಕು. ಎಂಪಿ3 ಬಂತು. ಕಿವಿಗೆ ಅಷ್ಟಾಗಿ ತಿಳಿಯದ ಸದ್ದನ್ನು ತೆಗೆದುಹಾಕಿ, 128 ಕೆಬಿಪಿಎಸ್‌ನಲ್ಲಿ ಅದೇ ಹಾಡನ್ನು 5 ಎಂಬಿಯೊಳಗೆ ಕೂರಿಸಿತು. ಎರಡು ಗಂಟೆಯ ಕೆಲಸ ಹನ್ನೆರಡು ನಿಮಿಷಕ್ಕೆ ಇಳಿಯಿತು. ಕಾವಲು ಹೋದದ್ದು ಅಲ್ಲಿ.

ಆಮೇಲೆ ಹಾಕಿದ ಬೀಗಗಳಿಗೆಲ್ಲ ಒಂದೇ ಇಕ್ಕಟ್ಟು. ಮನೆಮನೆಯಲ್ಲಿದ್ದ ಹಳೇ ಸಿಡಿ ಪ್ಲೇಯರಿನಲ್ಲಿ ಹಾಡು ಓಡಲೇಬೇಕು, ಕಂಪ್ಯೂಟರಿನಲ್ಲಿ ಮಾತ್ರ ಓಡಬಾರದು. ಸಂಗೀತವನ್ನೇ ಮುಚ್ಚುವಂತಿಲ್ಲ, ಕಂಪ್ಯೂಟರಿಗೆ ಗೊಂದಲ ಹುಟ್ಟಿಸಬಹುದು, ಅಷ್ಟೇ. ಒಂದು ಬಗೆಯ ತಟ್ಟೆಯಲ್ಲಿ ಹೊರ ಅಂಚಿಗೆ ಸುಳ್ಳು ಡೇಟಾ ಬರೆದಿದ್ದರು. ಆ ಅಂಚಿನ ಮೇಲೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದರೆ ಬೀಗ ಬಿಟ್ಟುಕೊಳ್ಳುತ್ತದೆಂದು 2002ರಲ್ಲಿ ಬಯಲಾಯಿತು. ಮತ್ತೊಂದು ಬಗೆಯದು, ತಟ್ಟೆ ಹಾಕಿದ ಕೂಡಲೇ ತಾನಾಗಿ ಓಡುವ ಪ್ರೋಗ್ರಾಮನ್ನು ನೆಚ್ಚಿಕೊಂಡಿತ್ತು. ಶಿಫ್ಟ್ ಕೀ ಒತ್ತಿಹಿಡಿದು ತಟ್ಟೆ ಹಾಕಿದರೆ ಅದು ಓಡುತ್ತಲೇ ಇರಲಿಲ್ಲ. 2005ರಲ್ಲಿ ಸೋನಿ ಬಿಎಂಜಿ ಇನ್ನೂ ಮುಂದೆ ಹೋಗಿ, ವಿಂಡೋಸಿನ ಆಳಕ್ಕಿಳಿದು ಅವಿತುಕೊಳ್ಳುವ ಪ್ರೋಗ್ರಾಮನ್ನು ಸಿಡಿಯಲ್ಲಿ ಇಟ್ಟಿತು. ಡಾಲರ್ ಚಿಹ್ನೆ, ಸಿಸ್, ಮತ್ತೆ ಡಾಲರ್ ಚಿಹ್ನೆ ಎಂದು ಹೆಸರು ಶುರುವಾಗುವ ಯಾವ ಫೈಲಿದ್ದರೂ ಅದು ಮರೆಮಾಡುತ್ತಿತ್ತು. ವೈರಸ್ ಬರೆಯುವವರು ತಮ್ಮ ಫೈಲಿಗೂ ಅದೇ ಹೆಸರಿಟ್ಟು ಅದರ ಮರೆಯಲ್ಲೇ ಕುಳಿತರು. ಕಂಪನಿ ಕೊನೆಗೆ ಆ ಸಿಡಿಗಳನ್ನು ಮಾರುಕಟ್ಟೆಯಿಂದ ವಾಪಸು ತರಿಸಿಕೊಂಡಿತು. ದುಡ್ಡು ಕೊಟ್ಟು ಕೊಂಡವನ ಕಂಪ್ಯೂಟರ್ ಕೆಟ್ಟಿತು, ಕದ್ದು ಇಳಿಸಿಕೊಂಡವನಿಗೆ ಏನೂ ಆಗಲಿಲ್ಲ. ಇಡೀ ಬೀಗದ ಪ್ರಕರಣದಲ್ಲಿ ನಮಗೆ ಅತಿ ಅನ್ಯಾಯವಾಗಿ ಕಾಣುವುದು ಇದೇ.

ಇನ್ನು ನ್ಯಾಪ್‌ಸ್ಟರ್. 1999ರ ಜೂನ್‌ನಲ್ಲಿ ಶುರುವಾಯಿತು, ಡಿಸೆಂಬರಿನಲ್ಲೇ ಅಮೆರಿಕದ ಸಂಗೀತ ಕಂಪನಿಗಳು ದಾವೆ ಹೂಡಿದವು, 2001ರ ಜುಲೈನಲ್ಲಿ ಸೇವೆ ನಿಂತಿತು. ಹಾಡುಗಳು ಜನರ ಕಂಪ್ಯೂಟರಿನಲ್ಲೇ ಇರುತ್ತಿದ್ದವು. ಯಾವ ಹಾಡು ಯಾರ ಬಳಿ ಇದೆ ಎಂಬ ಪಟ್ಟಿ ಮಾತ್ರ ನ್ಯಾಪ್‌ಸ್ಟರಿನ ಸರ್ವರಿನಲ್ಲಿತ್ತು. ಪಟ್ಟಿ ನಿಲ್ಲಿಸಿದರೆ ಎಲ್ಲ ನಿಲ್ಲುತ್ತಿತ್ತು, ಹಾಗಾಗಿ ಕೋರ್ಟಿಗೆ ಹಿಡಿಯಲು ಒಂದು ಜುಟ್ಟು ಸಿಕ್ಕಿತು. 2000ದಲ್ಲೇ ಬಂದಿದ್ದ ನ್ಯುಟೆಲ್ಲಾದಲ್ಲಿ ಆ ಪಟ್ಟಿಯೇ ಇಲ್ಲ. ಒಂದು ಕಂಪ್ಯೂಟರ್ ಪಕ್ಕದ್ದನ್ನು ಕೇಳುತ್ತದೆ, ಅದು ತನ್ನ ಪಕ್ಕದ್ದನ್ನು ಕೇಳುತ್ತದೆ. ಅಲ್ಲಿ ಯಾರನ್ನು ಮುಚ್ಚಿಸುವುದು?

ಕಜಾ ಎಂಬ ಜಾಲದಲ್ಲಿ ಕಂಪನಿಗಳ ಪರವಾಗಿ ಸುಳ್ಳು ಫೈಲು ತುಂಬುವ ಕೆಲಸವೂ ನಡೆಯಿತು. ನಿಮ್ಮ ಓದಿಗೆ ಹತ್ತಿರದ ವಿಷಯ ಇದು. ಕಜಾ ಬೇಗ ಲೆಕ್ಕ ಮುಗಿಸಲೆಂದು ಇಡೀ ಫೈಲಿನ ಹ್ಯಾಶ್ (ಒಳಗಿನದನ್ನು ಲೆಕ್ಕ ಹಾಕಿ ಪಡೆಯುವ ಗುರುತು ಸಂಖ್ಯೆ) ತೆಗೆಯುತ್ತಿರಲಿಲ್ಲ. ಮೊದಲ 300 ಕೆಬಿ, ಆಮೇಲೆ 1 ಎಂಬಿ, 2 ಎಂಬಿ, 4 ಎಂಬಿ ಹೀಗೆ ಇಮ್ಮಡಿಸುವ ಗುರುತುಗಳ ಬಳಿ ಮತ್ತು ಫೈಲಿನ ಕೊನೆಯಲ್ಲಿ ಒಂದೊಂದು 300 ಕೆಬಿ ತುಂಡು ಮಾತ್ರ ನೋಡುತ್ತಿತ್ತು. ನಡುವಿನ ಜಾಗದಲ್ಲಿ ಕಿರ್ರೆನ್ನುವ ಸದ್ದು ತುಂಬಿದರೂ ಹ್ಯಾಶ್ ಬದಲಾಗುತ್ತಿರಲಿಲ್ಲ, ಹಾಡು ಮಾತ್ರ ಕೆಟ್ಟಿರುತ್ತಿತ್ತು. 2001ರಲ್ಲಿ ಬಂದ ಬಿಟ್‌ಟೊರೆಂಟ್ ಫೈಲನ್ನು ತುಂಡು ಮಾಡಿ ಪ್ರತಿ ತುಂಡಿಗೂ ಎಸ್‌ಎಚ್‌ಎ-1 ಹ್ಯಾಶ್ ಕಟ್ಟಿತು. ಹೊಂದದ ತುಂಡನ್ನು ಬಿಸಾಡಿ ಬೇರೆಯವರಿಂದ ತರಿಸಿಕೊಳ್ಳುತ್ತದೆ. ಬೆರಕೆಯ ಆಟ ಅಲ್ಲಿಗೆ ಮುಗಿಯಿತು.

2003ರ ಸೆಪ್ಟೆಂಬರಿನಿಂದ ಕಂಪನಿಗಳು ಹಾಡು ಹಂಚಿದ ಸಾಮಾನ್ಯ ಜನರ ಮೇಲೇ ಕೇಸು ಹಾಕತೊಡಗಿದವು. ತನಿಖೆಯವರು ಅದೇ ಜಾಲಕ್ಕೆ ಸೇರಿ, ಹಾಡು ಇಳಿಸಿ, ಐಪಿ ವಿಳಾಸ (ಇಂಟರ್‌ನೆಟ್ ಸಂಪರ್ಕದ ಗುರುತು ಸಂಖ್ಯೆ) ಮತ್ತು ಸಮಯ ಬರೆದುಕೊಂಡು, ಕೋರ್ಟಿನ ಮೂಲಕ ಇಂಟರ್‌ನೆಟ್ ಕಂಪನಿಯಿಂದ ಹೆಸರು ಪಡೆಯುತ್ತಿದ್ದರು. ನ್ಯೂಯಾರ್ಕಿನ 12 ವರ್ಷದ ಹುಡುಗಿಯ ಪ್ರಕರಣ 2,000 ಡಾಲರಿಗೆ ಇತ್ಯರ್ಥವಾಯಿತು. 24 ಹಾಡು ಹಂಚಿದ ಒಬ್ಬ ಮಹಿಳೆಗೆ 2009ರಲ್ಲಿ ಜ್ಯೂರಿ ವಿಧಿಸಿದ್ದು 19.2 ಲಕ್ಷ ಡಾಲರ್, ಮೇಲಿನ ಕೋರ್ಟು ಕೊನೆಗೆ ಉಳಿಸಿದ್ದು 2,22,000 ಡಾಲರ್. 2008ರ ಕೊನೆಗೆ ಇಂಥ ಹೊಸ ಕೇಸು ಹಾಕುವುದನ್ನು ಕೈಬಿಟ್ಟರು. ಕೇಳುವವರನ್ನು ಮರಳಿ ತಂದದ್ದು ಬೇರೆಯೇ ದಾರಿ: 2003ರ ಏಪ್ರಿಲ್‌ನಲ್ಲಿ ಐಟ್ಯೂನ್ಸ್ ಒಂದು ಹಾಡನ್ನು 99 ಸೆಂಟಿಗೆ ಕೊಟ್ಟಿತು, 2009ರಲ್ಲಿ ಹಾಡಿನ ಮೇಲಿನ ಬೀಗವನ್ನೂ ತೆಗೆಯಿತು. 2008ರಲ್ಲಿ ಸ್ವೀಡನ್ನಿನಲ್ಲಿ ಸ್ಪಾಟಿಫೈ ಶುರುವಾಯಿತು. ಕದಿಯುವುದಕ್ಕಿಂತ ಸುಲಭವಾಗಿ ಸಿಕ್ಕಾಗ ಜನ ದುಡ್ಡು ಕೊಟ್ಟರು. ಜಗತ್ತಿನ ಸಂಗೀತ ಕಂಪನಿಗಳ ಆದಾಯ 2014ರಲ್ಲಿ ತಳ ಮುಟ್ಟಿ ಅಲ್ಲಿಂದ ಏರತೊಡಗಿದ್ದು ಸ್ಟ್ರೀಮಿಂಗಿನಿಂದ.

ಪ್ರಶ್ನೆ: ನಮ್ಮದು ಮೊಬೈಲ್ ಅಂಗಡಿ. ಮೊದಲು ಮೆಮೊರಿ ಕಾರ್ಡಿಗೆ ಹಾಡು ತುಂಬಿ ಕೊಡುತ್ತಿದ್ದೆವು. ಈಗ ಟ್ರ್ಯಾಕ್ಟರ್, ಕಾರಿನವರು ಪೆನ್‌ಡ್ರೈವ್ ತಂದು ಕೇಳುತ್ತಾರೆ. ಹಳೇ ಹಾಡಾದರೆ ತೊಂದರೆಯಿಲ್ಲ ಎನ್ನುತ್ತಾರಲ್ಲ?
— ಅಂಗಡಿ ಮಾಲೀಕರು, ಜಗಳೂರು

ಉತ್ತರ: ತೊಂದರೆ ಇದೆ, ದಯವಿಟ್ಟು ಮಾಡಬೇಡಿ. ಧ್ವನಿಮುದ್ರಣದ ಹಕ್ಕು ಅದು ಹೊರಬಂದ ಮರುವರ್ಷದಿಂದ 60 ವರ್ಷ ಇರುತ್ತದೆ. 1964ರಲ್ಲಿ ಬಂದ ತಟ್ಟೆಯ ಮುದ್ರಣಹಕ್ಕು 2024ರ ಕೊನೆಗೆ ಮುಗಿದಿದೆ, ನಿಜ. ಆದರೆ ಸಾಹಿತ್ಯ ಮತ್ತು ಸ್ವರಸಂಯೋಜನೆಯ ಹಕ್ಕು ಬೇರೆ. ಬರೆದವರು, ಸಂಯೋಜಿಸಿದವರು ತೀರಿಕೊಂಡ ಮೇಲೆ 60 ವರ್ಷ ಅದು ನಡೆಯುತ್ತದೆ. ನಿಮ್ಮ ಗಿರಾಕಿ ‘ಹಳೇ ಹಾಡು’ ಎನ್ನುವುದು ಬಹುಪಾಲು ಎಪ್ಪತ್ತು, ಎಂಬತ್ತರ ದಶಕದ್ದು. ಅದರಲ್ಲಿ ಎರಡೂ ಹಕ್ಕು ಜೀವಂತ.

ಹಕ್ಕುಸ್ವಾಮ್ಯ ಕಾಯ್ದೆಯ 63ನೇ ಕಲಮಿನಡಿ ಶಿಕ್ಷೆ ಆರು ತಿಂಗಳಿಂದ ಮೂರು ವರ್ಷ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ. ವ್ಯಾಪಾರದ ಲಾಭಕ್ಕಲ್ಲದಿದ್ದರೆ ನ್ಯಾಯಾಧೀಶರು ಕಡಿಮೆ ಮಾಡಬಹುದು. ಕಾರ್ಡಿಗೆ ಇಷ್ಟು ಎಂದು ದುಡ್ಡು ಪಡೆದ ಅಂಗಡಿಗೆ ಆ ರಿಯಾಯಿತಿ ಸಿಗುವುದು ಕಷ್ಟ. ಸಬ್ ಇನ್‌ಸ್ಪೆಕ್ಟರ್ ದರ್ಜೆಯವರು ವಾರಂಟ್ ಇಲ್ಲದೆ ಕಂಪ್ಯೂಟರ್, ಹಾರ್ಡ್‌ಡಿಸ್ಕ್ ವಶಪಡಿಸಿಕೊಳ್ಳಬಹುದು. ಇದು ಜಾಮೀನುರಹಿತ ಅಪರಾಧವೆಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಹೇಳಿದೆ. ಇದಲ್ಲದೆ ನಮ್ಮ ರಾಜ್ಯದ ಗೂಂಡಾ ಕಾಯ್ದೆಯಲ್ಲಿ ವಿಡಿಯೊ, ಆಡಿಯೊ ನಕಲಿ ಮಾಡುವವರೂ ಸೇರಿದ್ದಾರೆ.

ಉದ್ಯಮವೂ ಇಂಥ ಅಂಗಡಿಗಳನ್ನು ಬರೀ ಪೊಲೀಸರಿಂದ ಹಿಡಿಸುತ್ತಾ ಕೂರಲಿಲ್ಲ. ಸಂಗೀತ ಕಂಪನಿಗಳ ಸಂಘ ಐಎಂಐ, ಮೊಬೈಲ್ ಅಂಗಡಿಗಳು ಶುಲ್ಕ ಕಟ್ಟಿ ಕಾನೂನುಬದ್ಧವಾಗಿಯೇ ಹಾಡು ತುಂಬಿಕೊಡುವ ಎಂಎಂಎಕ್ಸ್ ಎಂಬ ಪರವಾನಗಿ ತಂದಿತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಕಾರ್ಡು ತುಂಬಿಸುವ ವ್ಯಾಪಾರವೇ ಸೊರಗಿತು. ಆದರೂ ಫೋನಿನ ಗೊಡವೆ ಬೇಡ, ಗುಂಡಿ ಒತ್ತಿದರೆ ಹಾಡಬೇಕು ಎನ್ನುವ ಗಿರಾಕಿ ಉಳಿದೇ ಇದ್ದಾನೆ. ಸರೆಗಮ ಕಂಪನಿ 2017ರಲ್ಲಿ ಹಾಡು ತುಂಬಿದ ಕಾರ್ವಾನ್ ಪೆಟ್ಟಿಗೆ ತಂದದ್ದು ಅವನಿಗಾಗಿಯೇ. ಕನ್ನಡದ್ದೂ ಇದೆ. ನೀವು ಅಂಥದ್ದನ್ನು ತರಿಸಿ ಬಿಲ್ಲು ಹಾಕಿ ಮಾರಿ.

ಇನ್ನೊಂದು ದೂರು ನಿಮ್ಮ ಕೌಂಟರಿಗೆ ಬರುತ್ತಲೇ ಇರುತ್ತದೆ: ‘ಆ್ಯಪಿಗೆ ದುಡ್ಡು ಕಟ್ಟಿ ಡೌನ್‌ಲೋಡ್ ಮಾಡಿದ್ದೇನೆ, ಪೆನ್‌ಡ್ರೈವಿಗೆ ಹಾಕಿದರೆ ಓಡುತ್ತಿಲ್ಲ.’ ಪೆನ್‌ಡ್ರೈವ್ ಕೆಟ್ಟಿಲ್ಲ. ಆ್ಯಪು ಇಳಿಸಿಡುವುದು ಬೀಗ ಹಾಕಿದ ಫೈಲು, ಬೀಗದ ಕೈ ಆ್ಯಪಿನ ಬಳಿ, ಚಂದಾ ನಿಂತರೆ ಅದೂ ಇಲ್ಲ. ಆ ಬೀಗ ಒಡೆಯುವುದು 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಕಲಮಿನಡಿ ಪ್ರತ್ಯೇಕ ಅಪರಾಧ. ಅಂಥ ಗಿರಾಕಿಗೆ ಫೋನನ್ನು ಬ್ಲೂಟೂತ್ ಅಥವಾ ಆಕ್ಸ್ ಕೇಬಲ್ಲಿನಿಂದ ಜೋಡಿಸಿಕೊಡಿ. ಬ್ಲೂಟೂತ್ ಇಲ್ಲದ ಹಳೇ ಸೆಟ್ಟಿಗೆ ಎಫ್‌ಎಂ ಮೂಲಕ ಕೊಡುವ ಅಡಾಪ್ಟರ್ ಸಾಕು. ಸ್ಟೇಷನ್ ಇಲ್ಲದ ತರಂಗಾಂತರ ಹುಡುಕಿ ಇಡಿ, ಇಲ್ಲವಾದರೆ ಎರಡು ಸದ್ದು ಕಲೆಸಿಹೋಗುತ್ತವೆ.

ಪ್ರಶ್ನೆ: ಮದುವೆಯಲ್ಲಿ ಸಿನಿಮಾ ಹಾಡು ಹಾಕಲು ಲೈಸೆನ್ಸ್ ಬೇಕೇ? ನಾನು ಮದುವೆ ವಿಡಿಯೊ ಮಾಡುವವನು.
— ವಿಡಿಯೊಗ್ರಾಫರ್, ಚನ್ನಗಿರಿ

ಉತ್ತರ: ಧಾರ್ಮಿಕ ವಿಧಿಯಲ್ಲಿ ಹಾಡು ಕೇಳಿಸುವುದಕ್ಕೆ ವಿನಾಯಿತಿ ಇದೆ, ಮದುವೆ ಮೆರವಣಿಗೆ ಮತ್ತು ಮದುವೆಗೆ ಸೇರಿದ ಸಮಾರಂಭಗಳೂ ಅದರಲ್ಲಿ ಬರುತ್ತವೆ ಎಂದು 52ನೇ ಕಲಮಿನಲ್ಲೇ ವಿವರಣೆ ಇದೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರದ ಇಲಾಖೆಯೂ ಇದನ್ನು ಪ್ರಕಟಣೆಯಲ್ಲಿ ಸ್ಪಷ್ಟಪಡಿಸಿತು. ಟಿಕೆಟ್ ಇಟ್ಟ ಡಿಜೆ ರಾತ್ರಿಗೆ ಇದು ಅನ್ವಯಿಸದು.

ನಿಮ್ಮ ಕೆಲಸ ಮಾತ್ರ ಬೇರೆ. ಮಂಟಪದಲ್ಲಿ ಕೇಳಿಸಿದ್ದಕ್ಕೆ ಇರುವ ವಿನಾಯಿತಿ, ಅದೇ ಹಾಡನ್ನು ಎಡಿಟಿಂಗಿನಲ್ಲಿ ಚಿತ್ರಕ್ಕೆ ಕೂರಿಸಿ ಯೂಟ್ಯೂಬಿಗೆ ಏರಿಸುವುದಕ್ಕೆ ಬರುವುದಿಲ್ಲ. ಅಪ್‌ಲೋಡ್ ಮಾಡುವ ಪ್ರತಿಯಲ್ಲಿ ನಾದಸ್ವರ ಡೋಲು, ಸೋಬಾನೆ, ನೆಂಟರ ಮಾತು ಹೀಗೆ ನೀವೇ ಮೈಕಿನಲ್ಲಿ ಹಿಡಿದ ಸದ್ದನ್ನು ಇಡಿ. ಹಿನ್ನೆಲೆಯಲ್ಲಿ ಸಿನಿಮಾ ಹಾಡು ಜೋರಾಗಿ ಸೇರಿಕೊಂಡ ತುಣುಕನ್ನು ಬಿಡಿ. ಕೆಲವೇ ಸೆಕೆಂಡು ಇದ್ದರೂ ಯೂಟ್ಯೂಬಿನ ಯಂತ್ರ ಗುರುತಿಸುತ್ತದೆ. ‘ಹತ್ತು ಸೆಕೆಂಡಾದರೆ ಪರವಾಗಿಲ್ಲ’ ಎಂಬ ನಿಯಮ ಕಾನೂನಿನಲ್ಲಿ ಎಲ್ಲೂ ಇಲ್ಲ.

ಪ್ರಶ್ನೆ: ನಮ್ಮ ಹಟ್ಟಿಯ ಹಿರಿಯರು ಗಣೆ (ಬಿದಿರಿನ ಕೊಳಲು) ಊದಿ ಹಾಡಿದ, ಕಾಡುಗೊಲ್ಲರ ದೈವ ಜುಂಜಪ್ಪನ ಪದಗಳನ್ನು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಿದೆವು. ಯಾವುದೋ ಕ್ಯಾಸೆಟ್ ಕಂಪನಿ ಅದು ತನ್ನದೆಂದು ಕ್ಲೇಮ್ ಹಾಕಿದೆ. ತಲೆತಲಾಂತರದ ಪದ ಅವರದು ಹೇಗಾಯಿತು?
— ಯುವಕ ಸಂಘದವರು, ಹಿರಿಯೂರು ತಾಲ್ಲೂಕು

ಉತ್ತರ: ಪದ ಅವರದಾಗಿಲ್ಲ, ಆಗುವುದೂ ಇಲ್ಲ. ಬಾಯಿಂದ ಬಾಯಿಗೆ ಬಂದ ಪದಕ್ಕೆ ಯಾರೂ ಒಡೆಯರಲ್ಲ. ಅವರು ಮಾಡಿಸಿದ ಧ್ವನಿಮುದ್ರಣ ಅವರದು, ನೀವು ಮಾಡಿದ್ದು ನಿಮ್ಮದು. ಹಾಗಿದ್ದೂ ಕ್ಲೇಮ್ ಬಂದದ್ದು ಯಾಕೆಂದು ತಿಳಿದರೆ ಉತ್ತರ ಬರೆಯುವುದು ಸುಲಭ.

ಯೂಟ್ಯೂಬಿನ ಕಂಟೆಂಟ್ ಐಡಿ 2007ರಿಂದ ಇದೆ. ಕಂಪನಿಗಳು ಕೊಟ್ಟ ಮಾದರಿ ಹಾಡುಗಳಿಂದ ಒಂದು ಬಗೆಯ ಬೆರಳಚ್ಚು ತೆಗೆದಿಟ್ಟುಕೊಂಡು, ಹೊಸದಾಗಿ ಏರುವ ಪ್ರತಿ ವಿಡಿಯೊವನ್ನೂ ಅದಕ್ಕೆ ಹೋಲಿಸುತ್ತದೆ. ಹಳೇ ಕ್ಯಾಸೆಟ್ ಕಂಪನಿಗಳು ತಮ್ಮ ಇಡೀ ಪೆಟ್ಟಿಗೆಯನ್ನು ಒಟ್ಟಾಗಿ, ಹಾಡನ್ನು ಯೂಟ್ಯೂಬ್ ಮತ್ತು ಆ್ಯಪುಗಳಿಗೆ ತಲುಪಿಸುವ ವಿತರಕರಿಗೆ ಒಪ್ಪಿಸಿರುತ್ತವೆ, ಜನಪದವೂ ಅದರಲ್ಲೇ. ಯಂತ್ರ ಮುದ್ರಣವನ್ನಷ್ಟೇ ಅಲ್ಲ, ಧಾಟಿಯನ್ನೂ ಹೋಲಿಸಬಲ್ಲದು. ನಿಮ್ಮ ಹಿರಿಯರ ಧಾಟಿಯೂ ಕ್ಯಾಸೆಟ್ಟಿನ ಧಾಟಿಯೂ ಒಂದೇ ಪರಂಪರೆಯವು, ಹೊಂದದೇ ಇನ್ನೇನಾದೀತು?

ಯೂಟ್ಯೂಬ್ ಸ್ಟುಡಿಯೊ ತೆರೆದು, ಆ ವಿಡಿಯೊದ ಎದುರಿರುವ ಕಾಪಿರೈಟ್ ಸೂಚನೆ ಒತ್ತಿ ವಿವರ ನೋಡಿ. ಯಾವ ನಿಮಿಷದಿಂದ ಯಾವ ನಿಮಿಷದವರೆಗೆ, ಯಾರು, ಮುದ್ರಣವೋ ಧಾಟಿಯೋ ಎಂದು ಅಲ್ಲಿರುತ್ತದೆ. ಅವರ ಹಾಡನ್ನೂ ನಿಮ್ಮದನ್ನೂ ಪಕ್ಕದಲ್ಲಿಟ್ಟು ಕೇಳಿ. ಬೇರೆ ಬೇರೆ ಎಂದು ಖಾತ್ರಿಯಾದರೆ ಡಿಸ್‌ಪ್ಯೂಟ್ (ತಕರಾರು) ಸಲ್ಲಿಸಿ. ಕ್ಲೇಮ್ ಬಂದ ಐದು ದಿನದೊಳಗೆ ಸಲ್ಲಿಸಿದರೆ ಮೊದಲ ದಿನದಿಂದಲೇ ಜಾಹೀರಾತಿನ ಹಣವನ್ನು ಯಾರಿಗೂ ಕೊಡದೆ ತಡೆದಿಡುತ್ತಾರೆ. ತಡವಾದರೆ ಸಲ್ಲಿಸಿದ ದಿನದಿಂದ ಮಾತ್ರ. ಒಕ್ಕಣೆ ಚಿಕ್ಕದಾಗಿರಲಿ: ಪದ ಸಾಂಪ್ರದಾಯಿಕ, ಹಾಡಿದವರು ಇವರು, ಇಂಥ ದಿನ, ಇಂಥ ಹಟ್ಟಿಯಲ್ಲಿ ನಾವೇ ಮುದ್ರಿಸಿದ್ದು, ಬೇರೆ ಯಾರ ಮುದ್ರಣದ ತುಣುಕೂ ಇದರಲ್ಲಿಲ್ಲ. ನೊಂದ ಮಾತು, ಬೈಗುಳ ಬೇಡ. ಕಂಪನಿಗೆ ಉತ್ತರಿಸಲು 30 ದಿನ ಇರುತ್ತದೆ, ಸುಮ್ಮನಿದ್ದರೆ ಕ್ಲೇಮ್ ಬಿದ್ದುಹೋಗುತ್ತದೆ. ಅವರು ಪಟ್ಟು ಹಿಡಿದರೆ ಅಪೀಲು ಮಾಡಿ, ಆಗ ಅವರಿಗೆ ಇರುವುದು 7 ದಿನ. ಅಪೀಲನ್ನೂ ಒಪ್ಪದೆ ಅವರು ವಿಡಿಯೊ ತೆಗೆಸಿದರೆ ಚಾನೆಲ್ಲಿಗೆ ಒಂದು ಸ್ಟ್ರೈಕ್ ಬೀಳುತ್ತದೆ. 90 ದಿನದೊಳಗೆ ಮೂರು ಬಿದ್ದರೆ ಚಾನೆಲ್ಲೇ ಹೋಗುತ್ತದೆ. ಬರೀ ಕ್ಲೇಮ್ ಸ್ಟ್ರೈಕ್ ಅಲ್ಲ, ಅದಕ್ಕೆ ಹೆದರಿ ವಿಡಿಯೊ ಅಳಿಸಬೇಡಿ.

ನಿಮ್ಮ ಬಳಿ ಇರಬೇಕಾದ ದಾಖಲೆ: ಕತ್ತರಿಸದ ಮೂಲ ಆಡಿಯೊ ಮತ್ತು ವಿಡಿಯೊ ಫೈಲು, ಅದೇ ಪದ ಮೊದಲೇ ಅಚ್ಚಾಗಿರುವ ಜನಪದ ಸಂಗ್ರಹದ ಪುಟ, ಹಾಡಿದವರ ಒಪ್ಪಿಗೆ ಪತ್ರ. ಕೊನೆಯದನ್ನು ಬಹಳಷ್ಟು ಸಂಘಗಳು ಬಿಟ್ಟುಬಿಡುತ್ತವೆ, ಅದು ಸರಿಯಲ್ಲ. ಪದಕ್ಕೆ ಒಡೆಯರಿಲ್ಲದಿದ್ದರೂ ಆ ದಿನದ ಹಾಡುಗಾರಿಕೆಗೆ ಒಡೆಯರಿದ್ದಾರೆ. ಹಾಡಿದ ಅಜ್ಜ, ಗಣೆ ಊದಿದವರು ಇವರಿಗೆಲ್ಲ ಕಾಯ್ದೆಯ 38ನೇ ಕಲಮಿನಡಿ ಪ್ರದರ್ಶಕರ ಹಕ್ಕು 50 ವರ್ಷ ಇರುತ್ತದೆ, ವಾಣಿಜ್ಯ ಬಳಕೆಯಲ್ಲಿ ರಾಯಧನವೂ ಸಲ್ಲಬೇಕು. ಒಪ್ಪಿಗೆ ಪತ್ರವನ್ನು ಕನ್ನಡದಲ್ಲೇ ಬರೆದು, ಅವರಿಗೆ ಓದಿ ಹೇಳಿ, ಸಹಿ ಅಥವಾ ಹೆಬ್ಬೆಟ್ಟು ಪಡೆಯಿರಿ. ಬರುವ ಹಣದಲ್ಲಿ ಅವರ ಪಾಲು ಎಷ್ಟೆಂದು ಅದರಲ್ಲೇ ಬರೆಯಿರಿ. ಕ್ಯಾಸೆಟ್ ಕಾಲದಲ್ಲಿ ಒಂದು ಊಟ, ಬಸ್‌ ಚಾರ್ಜು ಕೊಟ್ಟು ಹಾಡಿಸಿಕೊಂಡರೆಂದು ದೂರುವ ನಾವು ಅದನ್ನೇ ಮಾಡಬಾರದು.

ಪ್ರಶ್ನೆ: ನಮ್ಮ ಸ್ವಂತ ಹಾಡು ಬಿಡುಗಡೆಗೆ ಮೊದಲೇ ಟೆಲಿಗ್ರಾಂ ಗುಂಪಿನಲ್ಲಿ ಓಡಾಡುತ್ತಿದೆ. ಏನು ಮಾಡುವುದು?
— ಸ್ವತಂತ್ರ ಸಂಗೀತ ತಂಡ, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಗುಂಪಿನಲ್ಲಿ ಜಗಳಕ್ಕೆ ಹೋಗಬೇಡಿ. ಹೋದರೆ ಸಂದೇಶ ಅಳಿಸಿ ಬೇರೆ ಗುಂಪಿಗೆ ಹಾರುತ್ತಾರೆ, ಸಾಕ್ಷಿಯೂ ಹೋಗುತ್ತದೆ. ಮೊದಲು ಸಂದೇಶದ ಲಿಂಕ್, ಗುಂಪಿನ ಹೆಸರು, ದಿನಾಂಕ ಮತ್ತು ಸಮಯ ಕಾಣುವ ಸ್ಕ್ರೀನ್‌ಶಾಟ್ ತೆಗೆದಿಡಿ, ಫೈಲನ್ನೂ ಇಳಿಸಿಡಿ. ಆಮೇಲೆ ಟೆಲಿಗ್ರಾಂನ ಕಾಪಿರೈಟ್ ದೂರಿನ ಮಿಂಚಂಚೆಗೆ ಬರೆಯಿರಿ. ಗುಂಪಿನ ಲಿಂಕ್ ಮಾತ್ರ ಕೊಟ್ಟರೆ ಸಾಲದು, ಪ್ರತಿ ಸಂದೇಶದ ಲಿಂಕ್ ಬೇರೆ ಬೇರೆ ಕೊಡಿ. ನಮ್ಮ ಕಾಯ್ದೆಯ 52ನೇ ಕಲಂ ಮತ್ತು 2013ರ ನಿಯಮಗಳ ಪ್ರಕಾರ, ಲಿಖಿತ ದೂರು ತಲುಪಿದ 36 ಗಂಟೆಯೊಳಗೆ ಮಧ್ಯವರ್ತಿ ಸಂಸ್ಥೆ (ಇಲ್ಲಿ ಟೆಲಿಗ್ರಾಂ) ಆ ವಸ್ತುವನ್ನು ತಡೆಯಬೇಕು. ಅಲ್ಲಿಂದ 21 ದಿನದೊಳಗೆ ನೀವು ಕೋರ್ಟಿನ ಆದೇಶ ತರದಿದ್ದರೆ ಅವರು ಮತ್ತೆ ತೆರೆಯಬಹುದು. ಹಂಚಿದವರ ಗುರುತು ಬೇಕಾದರೂ ಕೋರ್ಟಿನ ದಾರಿಯೇ. ಕೋಚಿಂಗ್ ಪಾಠಗಳ ಪ್ರಕರಣವೊಂದರಲ್ಲಿ, ಚಾನೆಲ್ ನಡೆಸುವವರ ವಿವರ ಕೊಡುವಂತೆ ದೆಹಲಿ ಹೈಕೋರ್ಟ್ 2022ರ ಆಗಸ್ಟ್‌ನಲ್ಲಿ ಟೆಲಿಗ್ರಾಂಗೆ ಆದೇಶಿಸಿತ್ತು.

ಸೋರಿದ್ದು ಯಾರಿಂದ ಎಂದು ಮುಂದಿನ ಸಲ ತಿಳಿಯಲು, ಕೇಳಿ ನೋಡಲೆಂದು ಕೊಡುವ ಪ್ರತಿ ಒಬ್ಬೊಬ್ಬರಿಗೂ ಬೇರೆ ಇರಲಿ. ಒಬ್ಬರ ಪ್ರತಿಯಲ್ಲಿ ಎರಡನೇ ಚರಣದ ಒಂದು ಗೆಜ್ಜೆ ಸದ್ದು ತೆಗೆಯಿರಿ, ಮತ್ತೊಬ್ಬರದರಲ್ಲಿ ಮೂರನೇ ಚರಣದ್ದು. ಫೈಲಿನ ಹೆಸರು, ಒಳಗಿನ ಟ್ಯಾಗ್ ಯಾರು ಬೇಕಾದರೂ ಅಳಿಸುತ್ತಾರೆ. ಗೆಜ್ಜೆಯ ಗುರುತು ಎಷ್ಟು ಸಲ ಎಂಪಿ3 ಮಾಡಿದರೂ ಉಳಿಯುತ್ತದೆ. ಯಾರಿಗೆ ಯಾವುದು ಎಂದು ಪುಸ್ತಕದಲ್ಲಿ ಬರೆದಿಡಿ.

ಬಿಡುಗಡೆಗೆ ಮೂರು ನಾಲ್ಕು ವಾರ ಮೊದಲೇ ವಿತರಕರಿಗೆ ಡಬ್ಲ್ಯುಎವಿ (ಕುಗ್ಗಿಸದ ಧ್ವನಿ) ಫೈಲು ಮತ್ತು 3000ಕ್ಕೆ 3000 ಪಿಕ್ಸೆಲ್ ಮುಖಚಿತ್ರ ಕೊಡಿ. ಅವರು ಕೊಡುವ 12 ಅಕ್ಷರದ ಐಎಸ್‌ಆರ್‌ಸಿ ಸಂಖ್ಯೆ ಆ ಮುದ್ರಣದ ಜಾತಕವಿದ್ದಂತೆ. ವಿತರಕರನ್ನು ಬದಲಿಸಿದರೂ ಅದೇ ಸಂಖ್ಯೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಕೇಳಿಕೆಯ ಲೆಕ್ಕ ಎರಡಾಗಿ ಒಡೆಯುತ್ತದೆ. ಇದು ಸಣ್ಣ ಮಾತಲ್ಲ: 2024ರಿಂದ ಸ್ಪಾಟಿಫೈಯಲ್ಲಿ ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಮುದ್ರಣದ ರಾಯಧನ ಇಲ್ಲ. ಕಂಟೆಂಟ್ ಐಡಿಗೂ ಸೇರಿಸಿ ಎಂದು ವಿತರಕರನ್ನೇ ಕೇಳಿ, ಸಣ್ಣ ತಂಡಗಳಿಗೆ ಯೂಟ್ಯೂಬ್ ಅದನ್ನು ನೇರವಾಗಿ ಕೊಡುವುದಿಲ್ಲ. ಆದರೆ ಎಲ್ಲರಿಗೂ ಮಾರುವ ರೆಡಿಮೇಡ್ ಲೂಪ್ (ಮತ್ತೆ ಮತ್ತೆ ನುಡಿಸುವ ಸಂಗೀತದ ತುಣುಕು) ಬಳಸಿದ ಹಾಡನ್ನು ಅಲ್ಲಿಗೆ ಕೊಡಬಾರದು. ಅದೇ ಲೂಪ್ ಕೊಂಡ ಇನ್ನೊಬ್ಬರ ಮೇಲೆ ಸುಳ್ಳು ಕ್ಲೇಮ್ ಬೀಳುತ್ತದೆ.

ಪ್ರಶ್ನೆ: ಮನೆಯಲ್ಲಿ ನೂರಾರು ಕ್ಯಾಸೆಟ್‌ಗಳಿವೆ. ಕಂಪ್ಯೂಟರಿಗೆ ಹಾಕಿಕೊಳ್ಳುವುದು ತಪ್ಪೇ? ಹೇಗೆ?
— ನಿವೃತ್ತ ಶಿಕ್ಷಕಿ, ಹೊಳಲ್ಕೆರೆ

ಉತ್ತರ: ನಿಮ್ಮ ಸ್ವಂತ ಬಳಕೆಗೆ ಮಾಡಿಕೊಳ್ಳುವ ಪ್ರತಿಗೆ ಕಾಯ್ದೆಯಲ್ಲಿ ಅವಕಾಶವಿದೆ ಮೇಡಂ. ಅದನ್ನು ವಾಟ್ಸ್ಆ್ಯಪಿನಲ್ಲಿ ಹಂಚಿದರೆ ಮಾತು ಬೇರೆ.

ಟೇಪ್ ರೆಕಾರ್ಡರಿನ ಲೈನ್ ಔಟ್, ಅದಿಲ್ಲದಿದ್ದರೆ ಹೆಡ್‌ಫೋನ್ ತೂತಿನಿಂದ, ಯುಎಸ್‌ಬಿ ಆಡಿಯೊ ಇಂಟರ್‌ಫೇಸಿನ ಲೈನ್ ಇನ್‌ಗೆ ಕೇಬಲ್ ಕೊಡಿ. ಲ್ಯಾಪ್‌ಟಾಪಿನ ಮೈಕ್ ತೂತಿಗೆ ಬೇಡ. ಅದು ಸಾಮಾನ್ಯವಾಗಿ ಒಂದೇ ಚಾನೆಲ್ ತೆಗೆದುಕೊಳ್ಳುತ್ತದೆ, ಸದ್ದು ಒಡೆಯುತ್ತದೆ. ಶುರುವಿಗೆ ಮೊದಲು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಹೆಡ್ಡನ್ನು ಒರೆಸಿ, ಕಂದು ಬಣ್ಣ ಬರುವುದು ನಿಲ್ಲುವವರೆಗೆ. ವರ್ಷಗಟ್ಟಲೆ ಓಡದ ಕ್ಯಾಸೆಟ್ಟನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸುತ್ತಿ. ರೀಲಿನ ಮೇಲೆ ಬಿಳಿ ಬೂಷ್ಟು ಕಂಡರೆ ಹಾಕಲೇಬೇಡಿ, ಅದು ಹೆಡ್ಡಿಗೂ ಮುಂದಿನ ಕ್ಯಾಸೆಟ್ಟಿಗೂ ಅಂಟುತ್ತದೆ. ರೀಲಿನ ಹಿಂದಿರುವ ಚಿಕ್ಕ ಉಣ್ಣೆ ಪ್ಯಾಡ್ ಬಿದ್ದುಹೋಗಿದ್ದರೆ ಸದ್ದು ಏರಿಳಿಯುತ್ತದೆ. ಬೇಡದ ಕ್ಯಾಸೆಟ್ಟಿನ ಚಿಪ್ಪಿಗೆ ರೀಲನ್ನು ವರ್ಗಾಯಿಸಿದರೆ ಸರಿಹೋಗುತ್ತದೆ. ಹಾಡು ನಿಧಾನವಾಗಿ, ಶ್ರುತಿ ಇಳಿದು ಕೇಳಿದರೆ ರೆಕಾರ್ಡರಿನ ಬೆಲ್ಟ್ ಸಡಿಲವಾಗಿದೆ ಎಂದರ್ಥ.

ಹಾಡೆಲ್ಲ ಮಂಕಾಗಿ, ಕಂಬಳಿ ಹೊದೆಸಿದಂತೆ ಕೇಳಿದರೆ ದೋಷ ಹೆಚ್ಚಾಗಿ ಹೆಡ್ಡಿನ ಓರೆಯಲ್ಲಿರುತ್ತದೆ. ಹೆಡ್ಡಿನ ಪಕ್ಕ ಸ್ಪ್ರಿಂಗ್ ಇರುವ ಪುಟ್ಟ ಸ್ಕ್ರೂ ಕಾಣುತ್ತದೆ. ಹಾಡು ಓಡುತ್ತಿರುವಾಗಲೇ ಅದನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸಿ, ತಾಳದ ಝಣಕಾರ ಅತಿ ಚುರುಕಾಗಿ ಕೇಳಿದ ಕಡೆ ನಿಲ್ಲಿಸಿ. ಕಾಲು ಸುತ್ತಿಗಿಂತ ಹೆಚ್ಚು ಬೇಡ.

ಆಡಾಸಿಟಿ ಉಚಿತ ತಂತ್ರಾಂಶ. ಅದರಲ್ಲಿ 44.1 ಕಿಲೊಹರ್ಟ್ಸ್, ಸ್ಟೀರಿಯೊ ಇಟ್ಟು, ಅತಿ ಜೋರಿನ ಕಡೆಯೂ ಮುಳ್ಳು ಮೈನಸ್ 6 ಡೆಸಿಬೆಲ್ ದಾಟದಂತೆ ವಾಲ್ಯೂಮ್ ಹೊಂದಿಸಿ. 60 ನಿಮಿಷದ ಕ್ಯಾಸೆಟ್ 16 ಬಿಟ್ ಡಬ್ಲ್ಯುಎವಿಯಲ್ಲಿ ಸುಮಾರು 600 ಎಂಬಿ, ಗುಣ ಕೆಡದಂತೆ ಕುಗ್ಗಿಸುವ ಎಫ್‌ಎಲ್‌ಎಸಿ ಮಾಡಿದರೆ ಹೆಚ್ಚುಕಡಿಮೆ ಅರ್ಧ. ಕೇಳಲು ಎಂಪಿ3 ಮಾಡಿಕೊಳ್ಳಿ, ಮೂಲ ಪ್ರತಿಯಲ್ಲಿ ಮಾತ್ರ ಸರಸರ ಸದ್ದು ತೆಗೆಯುವ ಫಿಲ್ಟರ್ ಹಾಕಬೇಡಿ. ಅದರ ಜೊತೆ ಹಾಡುಗಾರರ ಉಸಿರೂ ಹೋಗುತ್ತದೆ.

ಎಲ್ಲ ಕ್ಯಾಸೆಟ್ಟಿಗೂ ಒಂದೇ ಆತುರ ಬೇಡ. ಕಂಪನಿಯ ಸಿನಿಮಾ ಹಾಡು ಇಂದು ಆ್ಯಪಿನಲ್ಲೇ ಸಿಗುತ್ತದೆ. ನಿಮ್ಮ ಶಾಲೆಯ ಮಕ್ಕಳ ಹಾಡು, ಊರ ಜಾತ್ರೆಯ ಭಜನೆ, ಮನೆಯ ಹಿರಿಯರ ದನಿ ಇರುವ ಕ್ಯಾಸೆಟ್ ಜಗತ್ತಿನಲ್ಲಿ ಅದೊಂದೇ. ಅವುಗಳಿಂದ ಶುರುಮಾಡಿ, ಫೈಲಿನ ಹೆಸರಿನಲ್ಲೇ ಊರು, ಹಾಡಿದವರು, ವರ್ಷ ಬರೆಯಿರಿ, ಎರಡು ಬೇರೆ ಹಾರ್ಡ್‌ಡಿಸ್ಕಿನಲ್ಲಿ ಇಡಿ. ಮುಗಿದ ಕ್ಯಾಸೆಟ್ಟನ್ನು ಪೂರ್ತಿ ಒಂದು ಕಡೆಗೆ ಸುತ್ತಿ, ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ, ಸ್ಪೀಕರಿನಿಂದ ದೂರ ಇಡಿ.